ಹುತುತುವಿನಿಂದ ಬೋನಸ್ ಗೆರೆಯವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಮ್ಮ ಅಜ್ಜಂದಿರು ಕಬಡ್ಡಿಗೆ ಹುತುತು ಎನ್ನುತ್ತಿದ್ದರು. 1956ರವರೆಗೆ ನಾವು ಮುಂಬಯಿಗೆ ಸೇರಿದವರು. ಹೆಸರಿನಂತೆ ಆಟದ ಲಿಖಿತ ನಿಯಮಗಳೂ ಆ ಕಡೆಯಿಂದಲೇ ಬಂದವು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಆಯಿತು, 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಆಟ ಸೇರಿತು. ಊರ ಅಂಗಳದಲ್ಲಿ ಮಾತ್ರ ತೀರ್ಪು ಕೊಡುವವರು ಗೆರೆಯ ಸುತ್ತ ಕೂತ ಜನರೇ.

ಕಿತ್ತೂರು ಉತ್ಸವದ ಕುಸ್ತಿಯಲ್ಲಿ ಇಷ್ಟು ಜಗಳವಿಲ್ಲ. ಬೆನ್ನು ಮಣ್ಣಿಗೆ ಹತ್ತಿದ್ದು ಸಾವಿರ ಜನಕ್ಕೆ ಕಾಣುತ್ತದೆ. ಕಬಡ್ಡಿಯಲ್ಲಿ ಬೆರಳು ತಾಗಿದ್ದು ಇಬ್ಬರಿಗೇ ಗೊತ್ತು, ಅವರಿಬ್ಬರೂ ಎದುರಾಳಿಗಳು! ಸುಣ್ಣದ ಗೆರೆಯೋ, ಎರಡು ಆಟ ಮುಗಿಯುವುದರೊಳಗೆ ಅಳಿಸಿಹೋಗಿರುತ್ತದೆ. ಮೇಲಾಗಿ ಸೀಟಿ ಊದುವವರು ಯಾವುದೋ ಒಂದು ಶಾಲೆಯ ಮಾಸ್ತರರೇ. ಹಾಗಾಗಿ 'ಔಟೋ ಅಲ್ಲವೋ' ಎನ್ನುವುದಕ್ಕಿಂತ 'ಅಂಪೈರ್ ಯಾವ ಊರಾಂವ?' ಎನ್ನುವ ಪ್ರಶ್ನೆ ಮೊದಲು ಬರುತ್ತಿತ್ತು.

ತರಬೇತಿಯ ಚರ್ಚೆಯೂ ಹಳೆಯದೇ. ನಮ್ಮ ಕಾಲಕ್ಕೆ ಪಾಠದ ಮಾಸ್ತರರೇ ಸಂಜೆ ಆಟ ಕಲಿಸುತ್ತಿದ್ದರು. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಲ್ಲಿ ಕಲಿತ ಯಾರನ್ನಾದರೂ ಕರೆಸಬೇಕೆಂದು ಕಟ್ಟೆಯ ಮೇಲೆ ವಾದ ನಡೆಯುತ್ತಿತ್ತು. ಈಗ ಅದೇ ಕಟ್ಟೆಗೆ ಬೆಂಗಳೂರು ಬುಲ್ಸ್ ಬಂದಿದೆ. 2014ರಿಂದ ತಂಡ ನಡೆಸಿದ ರಣಧೀರ್ ಸಿಂಗ್ 2019ರ ಜನವರಿಯಲ್ಲಿ ಗುಜರಾತ್ ಮೇಲೆ 38-33ರಿಂದ ಕಪ್ ಗೆಲ್ಲಿಸಿದ್ದರು. 2024ರಲ್ಲಿ ತಂಡ ಕೊನೆಯ ಸ್ಥಾನಕ್ಕೆ ಬಿತ್ತು, ಮರುವರ್ಷ ಬಿ.ಸಿ. ರಮೇಶ್ ಬಂದರು. ನಮ್ಮವರೇ ಆದ ರಮೇಶ್ ಅಷ್ಟರೊಳಗೆ ಬಂಗಾಳಕ್ಕೂ ಪುಣೆಗೂ ಕಪ್ ಗೆದ್ದುಕೊಟ್ಟಾಗಿತ್ತು. ಇಷ್ಟು ತಡವೇಕೆ ಎನ್ನುವವರ ಪಕ್ಷ ನನ್ನದು.

2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಭಾರತ-ಇರಾನ್ ಫೈನಲ್. 28-28 ಸಮ. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಬೆನ್ನಟ್ಟಿದ ಇರಾನಿನವರೂ ಲಾಬಿಗೆ ಇಳಿದರು. ಹಳೆಯ ನಿಯಮವೋ ಹೊಸದೋ ಎಂದು ಸುಮಾರು ಒಂದು ತಾಸು ಆಟ ನಿಂತಿತು. ಎರಡೂ ತಂಡಗಳು ಅಂಕಣದಲ್ಲೇ ಕೂತವು. ಕೊನೆಗೆ 33-29, ಭಾರತಕ್ಕೆ ಚಿನ್ನ. ಬೆಂಗಳೂರಿನ ಕೋಣೆಯಲ್ಲಿ ಮೊಬೈಲ್ ಹಿಡಿದು ನೋಡುತ್ತಿದ್ದ ನನಗೆ ನಮ್ಮ ಶಾಲೆಯ ಒಂದು ಆಟ ನೆನಪಾಯಿತು.

ನಾನಾಗ ಒಂಬತ್ತನೇ ಇಯತ್ತೆ. ತಾಲ್ಲೂಕು ಮಟ್ಟದ ಸೆಮಿಫೈನಲ್, ಒಂದು ಅಂಕದ ಹಿನ್ನಡೆ, ಕೊನೆಯ ರೈಡ್ ನನ್ನದು. ಎದುರಿಗೆ ಆರು ಜನ, ಅಂದರೆ ಬೋನಸ್ ತೆರೆದಿತ್ತು. ಮುಂಗಾಲು ಗೆರೆ ದಾಟಿದಾಗ ಹಿಂಗಾಲು ಗಾಳಿಯಲ್ಲಿದ್ದರೆ ಸಾಕು, ಒಂದು ಅಂಕ. ಯಾರನ್ನೂ ಮುಟ್ಟುವ ಗೊಡವೆಯಿಲ್ಲ. ದಾಟಿದೆ, ಕೈ ಎತ್ತಿದೆ. ಅಂಪೈರ್ ತಲೆ ಅಲ್ಲಾಡಿಸಿದರು. ಸೋತೆವು. ನಮ್ಮೂರಿನವರು ಅಂಕಣಕ್ಕೆ ನುಗ್ಗಿದರು, ಆ ಮಾಸ್ತರರ ಸೈಕಲ್ಲಿನ ಗಾಳಿ ತೆಗೆದರು. ಮರುವರ್ಷ ಆ ಊರಿನ ಶಾಲೆಯೊಂದಿಗೆ ಸ್ನೇಹದ ಪಂದ್ಯವೂ ನಡೆಯಲಿಲ್ಲ.

ಕಳೆದ ಜಾತ್ರೆಗೆ ಬಂದಾಗಲೂ ಚಹಾದಂಗಡಿಯಲ್ಲಿ ಒಬ್ಬರು ಭುಜ ತಟ್ಟಿದರು: 'ಅವತ್ತ ಅಂಪೈರ್ ಮೋಸ ಮಾಡಿದ ನೋಡು, ಇಲ್ಲಂದ್ರ ನಾವು ಜಿಲ್ಲಾಕ್ಕ ಹೋಗ್ತಿದ್ವಿ.' ನಾನು ಹ್ಞೂಂ ಎಂದು ಚಹಾ ಕುಡಿದೆ.

ಶಾಲೆಯ ಇತಿಹಾಸ ಬರೆಯುವ ಸಂಪುಟವಿದು, ಇಲ್ಲಿ ದಾಖಲಾಗಲಿ. ನನ್ನ ಹಿಂಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿತ್ತು. ಆ ಮಾಸ್ತರರು ಸರಿಯಾಗಿಯೇ ನೋಡಿದ್ದರು.