ಹುಲ್ಲು ಹೋಗಿ ಟರ್ಫ್ ಬಂದಾಗ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕು. ಅದು ಆರಿದರೆ ಗಾಲಿ ಕಿರುಗುಟ್ಟುತ್ತದೆ, ಎತ್ತುಗಳು ಬೇಗ ದಣಿಯುತ್ತವೆ. ಆದರೆ ಅದೇ ಗಾಡಿ ಇಳಿಜಾರಿನಲ್ಲಿ ಸಾಗುವಾಗ ಗಾಲಿಯ ಪಟ್ಟಿಗೆ ಮರದ ತುಂಡನ್ನು ಒತ್ತಿ ಹಿಡಿಯಬೇಕಾಗುತ್ತದೆ. ಗಾಲಿಯ ನಡುವೆ ಬೇಡವಾದ ಘರ್ಷಣೆ ಅದರ ಅಂಚಿನಲ್ಲಿ ಬೇಕೇ ಬೇಕು. ಹಾಕಿ ಮೈದಾನದ ಕತೆಯೂ ಇಂಥದ್ದೇ. ಅಲ್ಲಿ ಚೆಂಡು ತಡೆಯಿಲ್ಲದೆ ಉರುಳಬೇಕು, ಆಟಗಾರನ ಕಾಲು ಮಾತ್ರ ಜಾರಬಾರದು. ಈ ಎರಡರ ಲೆಕ್ಕಾಚಾರ ಒಮ್ಮೆ ಬದಲಾದಾಗ ಭಾರತದ ಹಾಕಿಯ ಇತಿಹಾಸವೇ ತಿರುವು ಪಡೆಯಿತು.

1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೈದಾನದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಿತು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದಾಗಲೂ ನಾಯಕ ಅಜಿತ್‌ಪಾಲ್ ಸಿಂಗ್ ಅವರೇ. ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡಗಳಲ್ಲಿದ್ದರು. ಆದರೆ ಕಾಲಡಿಯ ನೆಲ ಮಾತ್ರ ಬೇರೆಯಾಗಿತ್ತು. ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಆಸ್ಟ್ರೇಲಿಯಾ ವಿರುದ್ಧ 1–6ರಿಂದ ಸೋತ ಭಾರತ ಕೊನೆಗೆ ಏಳನೆಯ ಸ್ಥಾನಕ್ಕೆ ಇಳಿಯಿತು. 1928ರಿಂದ ಯಾವ ಒಲಿಂಪಿಕ್ಸ್‌ನಲ್ಲೂ ಪದಕವಿಲ್ಲದೆ ಮರಳದಿದ್ದ ತಂಡ ಅದು!

ಈ ಕೃತಕ ಹಾಸು ಹುಟ್ಟಿದ್ದು ಹಾಕಿಗಾಗಿ ಅಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಬೇಸ್‌ಬಾಲ್‌ಗೆಂದು ಚಾವಣಿಯಿದ್ದ ಆಸ್ಟ್ರೋಡೋಮ್ ಎಂಬ ಕ್ರೀಡಾಂಗಣ ತೆರೆಯಿತು. ಪಾರದರ್ಶಕ ಚಾವಣಿಯಿಂದ ಬರುವ ಬೆಳಕು ಕಣ್ಣು ಕುಕ್ಕುತ್ತದೆ ಎಂದು ಆಟಗಾರರು ದೂರಿದರು. ಚಾವಣಿಗೆ ಬಣ್ಣ ಬಳಿದರು. ಬಿಸಿಲು ಕಾಣದ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಮಾನ್ಸಾಂಟೊ ಕಂಪೆನಿಯ ನೈಲಾನ್ ಹಾಸನ್ನು ಹಾಸಿದರು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಆ ಕ್ರೀಡಾಂಗಣದಿಂದಲೇ.

ಹುಲ್ಲಿಗೂ ಟರ್ಫ್‌ಗೂ ಅಂಥ ವ್ಯತ್ಯಾಸವೇನು? ಹುಲ್ಲಿನ ಮೇಲೆ ಉರುಳುವ ಚೆಂಡು ಪ್ರತಿ ಎಸಳನ್ನೂ ಬಗ್ಗಿಸಿಕೊಂಡು, ನೆಲದ ಉಬ್ಬುತಗ್ಗುಗಳನ್ನು ಹತ್ತಿಳಿದು ಹೋಗಬೇಕು. ಹೋದಷ್ಟೂ ಅದರ ವೇಗ ಕರಗುತ್ತದೆ. ಭಾರತೀಯರ ಆಟ ನಿಂತಿದ್ದುದು ಈ ನಿಧಾನದ ಮೇಲೆ. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿದಂತೆ ಎಡಕ್ಕೂ ಬಲಕ್ಕೂ ಆಡಿಸುತ್ತ ಎದುರಾಳಿಯನ್ನು ದಾಟಲು ಸಮಯ ಸಿಗುತ್ತಿತ್ತು. ಸಮತಟ್ಟಾದ ಟರ್ಫ್‌ನಲ್ಲಿ ಆ ಸಮಯವೇ ಇಲ್ಲ. ಬಲವಾಗಿ ಹೊಡೆದ ಚೆಂಡು ಮೈದಾನದ ಆ ತುದಿಗೆ ಸರ್ರನೆ ಸಾಗುತ್ತದೆ. ಅದರ ಹಿಂದೆ ಎಪ್ಪತ್ತು ನಿಮಿಷ ಓಡುವ ಕಸುವು ಕೈಚಳಕಕ್ಕಿಂತ ಮುಖ್ಯವಾಯಿತು.

ಇಷ್ಟಾದರೂ ಮೈಗೆ ಟರ್ಫ್ ಒರಟು. ಒಣಗಿದ ಹಾಸಿನ ಮೇಲೆ ಜಾರಿ ಬಿದ್ದ ಆಟಗಾರನ ಮೊಣಕಾಲು ಉಜ್ಜಿ ಬಿಸಿಯಾಗಿ, ಸುಟ್ಟಂತೆ ಚರ್ಮ ಕಿತ್ತುಬರುತ್ತದೆ. ಆದ್ದರಿಂದ ಪಂದ್ಯಕ್ಕೆ ಮುನ್ನ ಸಾವಿರಾರು ಲೀಟರ್ ನೀರು ಚಿಮುಕಿಸುವ ಪದ್ಧತಿ ಬಂತು. ನೀರಿನ ತೆಳು ಪದರ ಇಲ್ಲಿ ಕೀಲೆಣ್ಣೆಯ ಕೆಲಸ ಮಾಡುತ್ತದೆ. ಚೆಂಡು ಪುಟಿಯದೆ ನೆಲಕ್ಕಂಟಿ ಓಡುತ್ತದೆ, ಚರ್ಮ ಉಳಿಯುತ್ತದೆ. ಹಾಗಾದರೆ ಕಾಲು ಜಾರುವುದಿಲ್ಲವೇ? ಬೂಟಿನ ಅಡಿಯ ಸಣ್ಣ ರಬ್ಬರ್ ಗುಬ್ಬಿಗಳು ಈ ಪದರವನ್ನು ಸೀಳಿ ನೂಲನ್ನು ಹಿಡಿದುಕೊಳ್ಳುತ್ತವೆ.

ಮಾಂಟ್ರಿಯಲ್ ಸೋಲಿಗೆ ಟರ್ಫ್ ಒಂದೇ ಕಾರಣ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ಅರ್ಧ ಸತ್ಯ ಮಾತ್ರ. ಅಲ್ಲಿ ಚಿನ್ನ ಗೆದ್ದ ನ್ಯೂಜಿಲೆಂಡ್ ಆಟಗಾರರೂ ಹುಲ್ಲಿನಲ್ಲೇ ಆಡಿ ಬೆಳೆದವರು. ಪಾಕಿಸ್ತಾನ ಕಂಚು ಪಡೆಯಿತು, 1984ರಲ್ಲಿ ಲಾಸ್ ಏಂಜಲಿಸ್‌ನ ಟರ್ಫ್ ಮೇಲೆ ಚಿನ್ನವನ್ನೇ ಗೆದ್ದಿತು. ಭಾರತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಆನಂತರದ ವರ್ಷಗಳಲ್ಲಿ. ಶ್ರೀಮಂತ ದೇಶಗಳಲ್ಲಿ ಟರ್ಫ್ ಊರೂರಿಗೆ ಬಂತು. ಇಲ್ಲಿನ ಹುಡುಗರು ಮಣ್ಣಿನಲ್ಲಿ ಕಲಿತು, ದೊಡ್ಡ ಪಂದ್ಯಗಳ ಹೊತ್ತಿಗೆ ಹೊಸದಾಗಿ ಟರ್ಫ್ ಆಟ ಕಲಿಯಬೇಕಾಯಿತು. ಪ್ರಬಲ ತಂಡಗಳು ಬಹಿಷ್ಕರಿಸಿದ್ದ 1980ರ ಮಾಸ್ಕೊದಲ್ಲಿ ಕೊಡಗಿನವರೇ ಆದ ಎಂ.ಎಂ. ಸೋಮಯ್ಯ ಇದ್ದ ತಂಡ ಚಿನ್ನ ತಂದಿತು. ಅದಾದ ಮೇಲೆ ಬರಗಾಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತ ಅರ್ಹತೆಯನ್ನೇ ಪಡೆಯಲಿಲ್ಲ. 2012ರ ಲಂಡನ್‌ನಲ್ಲಿ ಕೊನೆಯ ಸ್ಥಾನ.

ಕೊಡಗಿನಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಹುಲ್ಲು, ಮಣ್ಣಿನ ಮೈದಾನಗಳಲ್ಲೇ ಬೆಳೆಯಿತು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವ ಆ ಹಬ್ಬಕ್ಕೆ ಚೆಂಡಿನ ನಿಧಾನವೇ ಸೊಗಸು ಎನ್ನಬಹುದು.

ಟೋಕಿಯೊದಲ್ಲಿ 2021ರಲ್ಲಿ, 41 ವರ್ಷಗಳ ಬಳಿಕ, ಭಾರತಕ್ಕೆ ಮತ್ತೆ ಪದಕ ಬಂತು. 2024ರ ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ ನಾಯಕ ಹರ್ಮನ್‌ಪ್ರೀತ್ ಸಿಂಗ್ ಎರಡು ಪೆನಾಲ್ಟಿ ಕಾರ್ನರ್‌ಗಳನ್ನು ಗೋಲಾಗಿಸಿ ಕಂಚು ಉಳಿಸಿಕೊಟ್ಟರು. ಅವರಿಗೆ ಹೆಸರು ತಂದಿರುವ ಡ್ರ್ಯಾಗ್ ಫ್ಲಿಕ್ ಎಂಬ ಹೊಡೆತ ಟರ್ಫ್‌ನ ಕೂಸು. ಚೆಂಡನ್ನು ಸ್ಟಿಕ್ಕಿನ ಜತೆಗೇ ನೆಲದ ಮೇಲೆ ಎಳೆದು ತಂದು ಚಿಮ್ಮಿಸುವ ಈ ಕಲೆ ಉಬ್ಬುತಗ್ಗಿನ ಹುಲ್ಲಿನಲ್ಲಿ ಬಲು ಕಷ್ಟ.

ಈಗ ಹೊಸ ಪ್ರಶ್ನೆ ನೀರಿನದು. ಕುಡಿಯುವ ನೀರಿಗೇ ತತ್ವಾರವಿರುವ ಊರುಗಳಲ್ಲಿ ಆಟಕ್ಕೆಂದು ಇಷ್ಟು ನೀರು ಸುರಿಯುವುದನ್ನು ಸಮರ್ಥಿಸುವುದು ಕಷ್ಟ. ಪ್ಯಾರಿಸ್‌ನಲ್ಲಿ ಹಾಸಿದ್ದು ಹಿಂದಿನದಕ್ಕಿಂತ ಕಡಿಮೆ ನೀರು ಬೇಡುವ ಟರ್ಫ್. ನೀರೇ ಬೇಡದ ಹಾಸಿನತ್ತ ಅಂತರರಾಷ್ಟ್ರೀಯ ಹಾಕಿ ಒಕ್ಕೂಟ ಹೆಜ್ಜೆ ಇಟ್ಟಿದೆ. ಇದಕ್ಕೆ ಚೆಂಡನ್ನು ತಡೆಯದ, ಚರ್ಮವನ್ನು ಸುಡದ, ಬೂಟನ್ನು ಮಾತ್ರ ಬಿಗಿಯಾಗಿ ಹಿಡಿಯುವ ನೂಲು ಬೇಕು. ತಯಾರಕರು ಸದ್ಯ ಹುಡುಕುತ್ತಿರುವುದು ಅದನ್ನೇ.