ವಲಯ

ಸಂಸ್ಕೃತದಲ್ಲಿ ‘ವಲಯ’ ಎಂದರೆ ಬಳೆ, ಕಡಗ; ಸುತ್ತುವರಿದದ್ದು. ಇಂಗ್ಲಿಷಿನ ‘ಝೋನ್’ ಗ್ರೀಕರ ಸೊಂಟಪಟ್ಟಿಯಿಂದ ಬಂದದ್ದು. ಒಂದು ಕೈಯದು, ಇನ್ನೊಂದು ನಡುವಿನದು. ಎರಡೂ ಕೂಡಿದ್ದು ಊರಿನ ನಕ್ಷೆಯಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಂಗಳೂರಿಗೂ ವಲಯ ನಿಯಮಾವಳಿ ಇದೆ. ವಸತಿ ವಲಯ, ವಾಣಿಜ್ಯ ವಲಯ ಎಂದು ನೆಲವನ್ನು ವಿಂಗಡಿಸಿ, ಎದುರಿನ ರಸ್ತೆಯ ಅಗಲ ನೋಡಿ ಕಟ್ಟಡ ಎಷ್ಟು ಬೆಳೆಯಬಹುದು ಎಂದು ಅದು ಹೇಳುತ್ತದೆ; ರಸ್ತೆಯಂಚಿನಿಂದ ಎಷ್ಟು ಹಿಂದೆ ನಿಲ್ಲಬೇಕು ಎಂದೂ ಹೇಳುತ್ತದೆ. ಹೀಗೆ ಖಾಲಿ ಬಿಟ್ಟ ಜಾಗವೇ ಎಲ್ಲರ ಬಾಯಲ್ಲಿರುವ ‘ಸೆಟ್‌ಬ್ಯಾಕ್’.

ಕಟ್ಟಡಕ್ಕೂ ರಸ್ತೆಗೂ ನಡುವಿನ ಜಾಗ ನೆನಪಾಗುವುದು ಮಳೆಗಾಲದಲ್ಲಿ. ತುಳುವರ ಆಟಿ ತಿಂಗಳ ಮಳೆಯಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿಗೆ ಕಾದವರಿಗೆ ಅಂಗಡಿಯ ಮಾಡಿನಡಿಯ ಎರಡಡಿ ಜಾಗದ ಬೆಲೆ ಗೊತ್ತು. ಕೊಡೆ ಮಡಚಿ, ಚೀಲ ಎದೆಗೊತ್ತಿ ಅಲ್ಲಿ ನಿಲ್ಲುತ್ತೇವೆ. ವಸತಿ, ವಾಣಿಜ್ಯದ ಹಾಗೆ ಬಸ್ಸಿನ ದಾರಿಗಳಿಗೂ ಒಂದು ವಲಯ ಬೇಕು: ಚಾಚಿದ ಮಾಡು, ನಡುವೆ ತುಂಡಾಗದ ಫುಟ್‌ಪಾತ್.