ಮದುವೆ ವಿಡಿಯೊ ಹಂಚೋಕೆ ಡಿವಿಡಿಯೋ, ಪೆನ್‌ಡ್ರೈವೋ?

ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ನೆಂಟರಿಗೆ ಕೊಡಬೇಕು. ಸ್ಟುಡಿಯೊದವರು 'ಡಿವಿಡಿ ಬೇಕಾ, ಪೆನ್‌ಡ್ರೈವ್ ಬೇಕಾ?' ಅಂತ ಕೇಳ್ತಾರೆ. ಉತ್ತರ ಹೇಳೋಕೆ ಮುಂಚೆ ತಗೊಳ್ಳೋರ ಮನೆಯಲ್ಲಿ ಯಾವುದು ಓಡುತ್ತೆ ಅಂತ ವಿಚಾರಿಸಿ.

ಡಿವಿಡಿ: ಸಾಮಾನ್ಯ ಡಿವಿಡಿ 4.7 ಜಿಬಿ ಹಿಡಿಯುತ್ತದೆ. ಹಳೇ ಪ್ಲೇಯರ್‌ನಲ್ಲಿ ಓಡುವ ಹಾಗೆ ಬರೆದರೆ ಸುಮಾರು 2 ಗಂಟೆಯ ವಿಡಿಯೊ ಬರುತ್ತದೆ. ಆದರೆ ಚಿತ್ರ 720×576ಕ್ಕೆ ಇಳಿಯುತ್ತದೆ. 1920×1080ರಲ್ಲಿ ತೆಗೆದ ವಿಡಿಯೊ ದೊಡ್ಡ ಟಿವಿಯಲ್ಲಿ ಮಸುಕು ಕಾಣೋದು ಇದಕ್ಕೇ. ಒಂದು ಅನುಕೂಲ ಇದೆ: ಡಿವಿಡಿ-ಆರ್‌ನಲ್ಲಿ ಬರೆದದ್ದನ್ನು ಮಕ್ಕಳು ಕೈತಪ್ಪಿ ಡಿಲೀಟ್ ಮಾಡೋಕಾಗಲ್ಲ. ಗೀರು, ಬಿಸಿಲು ಮಾತ್ರ ತಾಗಬಾರದು. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕೋ ಜಾಗವೇ ಇರಲ್ಲ.

ಪೆನ್‌ಡ್ರೈವ್: 32 ಜಿಬಿಯದ್ದು ತಗೊಂಡರೆ ಆರೇಳು ಡಿವಿಡಿಯಷ್ಟು ಹಿಡಿಯುತ್ತದೆ, ಸ್ಪಷ್ಟತೆಯೂ ಕಡಿಮೆಯಾಗಲ್ಲ. ಫೈಲ್ ಎಂಪಿ4, ಎಚ್.264 ಆಗಿದ್ದರೆ ಯುಎಸ್‌ಬಿ ಇರುವ ಬಹುತೇಕ ಟಿವಿಗಳಲ್ಲಿ ಓಡುತ್ತದೆ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತೆ, ಆದರೆ ಕೆಲವು ಹಳೇ ಟಿವಿಗಳು ಅದನ್ನು ಓದಲ್ಲ. ಅಂಥವರಿಗೆ ವರಪೂಜೆ, ಧಾರೆ, ಆರತಕ್ಷತೆ ಅಂತ ಬೇರೆ ಬೇರೆ ಫೈಲ್ ಮಾಡಿಕೊಡಿ.

ಅಂಗಡಿಯವರ ಗಮನಕ್ಕೆ: 64 ಜಿಬಿ ಅಂತ ತೋರಿಸಿ ಒಳಗೆ ಕಡಿಮೆ ಜಾಗ ಇರುವ ನಕಲಿ ಪೆನ್‌ಡ್ರೈವ್ ಮಾರುಕಟ್ಟೆಯಲ್ಲಿವೆ. ಕಾಪಿ ಆಯ್ತು ಅಂತ ಬರುತ್ತೆ, ಕೊನೆಯ ಫೈಲ್ ಮಾತ್ರ ಓಡಲ್ಲ. ಕೊಡೋಕೆ ಮುಂಚೆ ಪ್ರತಿ ಫೈಲನ್ನೂ ಕೊನೇತನಕ ಓಡಿಸಿ ನೋಡಿ. ಗಿರಾಕಿ ತಮ್ಮ ಟಿವಿಯಲ್ಲಿ ನೋಡಿ 'ಸರಿ ಇದೆ' ಅನ್ನುವ ತನಕ ನಿಮ್ಮ ಕಂಪ್ಯೂಟರ್‌ನಿಂದ ಅಳಿಸಬೇಡಿ.

ಹಂಚೋದೇ ಬೇರೆ, ಉಳಿಸಿಕೊಳ್ಳೋದೇ ಬೇರೆ. ಪೆನ್‌ಡ್ರೈವ್ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ಅದರೊಳಗಿನ ವಿದ್ಯುತ್ ಚಾರ್ಜ್ ನಿಧಾನಕ್ಕೆ ಸೋರಿ ಫೈಲ್ ಕೆಡಬಹುದು. ಡಿವಿಡಿ-ಆರ್‌ನ ಬಣ್ಣದ ಪದರವೂ ಕಾಲಕ್ರಮೇಣ ಮಾಸುತ್ತದೆ. ಈಗಿಲ್ಲದ ಅಜ್ಜ, ಅಜ್ಜಿಯ ದನಿ ಆ ಒಂದೇ ವಿಡಿಯೊದಲ್ಲಿ ಇರಬಹುದು, ಕಳೆದುಹೋದರೆ ಮತ್ತೆ ಶೂಟ್ ಮಾಡೋಕಾಗಲ್ಲ.

ಹಾಗಾಗಿ ನೆಂಟರಿಗೆ ಪೆನ್‌ಡ್ರೈವ್ ಕೊಡಿ. ಪ್ಲೇಯರ್ ಮಾತ್ರ ಇರೋರಿಗೆ ಡಿವಿಡಿ ಕೊಡಿ. ನಿಮಗಾಗಿ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇಡಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಎಲ್ಲರೂ ಸೇರಿದಾಗ, ಹಾಕಿ ನೋಡಿ.